ರೆಡ್ ವೆಲ್ವೆಟ್ ಕೇಕ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದೆ, ಫ್ರಾಸ್ಟಿಂಗ್ (ಮೇಲೆ ಹಚ್ಚುವ ಕ್ರೀಮ್) ಜಾರುತ್ತಿದೆ. ತಪ್ಪು ಎಲ್ಲಿ?

ಹೊಸ_ಓವನ್:
6 ಇಂಚಿನ ಎರಡು ಟಿನ್‌ಗೆ ಹಾಕಿದ ಅಳತೆ: ಮೈದಾ 160 ಗ್ರಾಂ, ಸಕ್ಕರೆ 170 ಗ್ರಾಂ, ಎಣ್ಣೆ 100 ಮಿ.ಲೀ., ಮೊಟ್ಟೆ 2, ಮನೆ ಮಜ್ಜಿಗೆ 120 ಮಿ.ಲೀ., ಕೋಕೋ 25 ಗ್ರಾಂ (ಕಡು ಕಂದು ಬಣ್ಣದ್ದು), ಅಡುಗೆ ಸೋಡಾ 1 ಟೀ ಚಮಚ, ಬಣ್ಣಕ್ಕೆ ರುಬ್ಬಿದ ಬೀಟ್‌ರೂಟ್ ಕಾಲು ಕಪ್. ಓಟಿಜಿಯಲ್ಲಿ (ಮೇಜಿನ ಮೇಲಿಡುವ ಕರೆಂಟ್ ಓವನ್) 180 ಡಿಗ್ರಿ, 35 ನಿಮಿಷ. ಹಸಿ ಹಿಟ್ಟು ಸುಮಾರಾಗಿ ಕೆಂಪಗಿತ್ತು, ಬೆಂದ ಮೇಲೆ ಇಟ್ಟಿಗೆ. ನಡುವೆ ಉಬ್ಬಿ ಬಿರುಕು ಬಿಟ್ಟಿದೆ.
ಫ್ರಾಸ್ಟಿಂಗ್‌ಗೆ ಡಬ್ಬಿಯ ಕ್ರೀಮ್ ಚೀಸ್ 200 ಗ್ರಾಂ, ಬೆಣ್ಣೆ 50, ಐಸಿಂಗ್ ಶುಗರ್ 200. ದೋಸೆ ಹಿಟ್ಟಿನಷ್ಟು ತೆಳುವಾಯಿತು, ಸಕ್ಕರೆ ಹೆಚ್ಚಿಸಿದಷ್ಟೂ ಇನ್ನೂ ನೀರು. ಶನಿವಾರ ಮತ್ತೆ ಮಾಡಬೇಕು. ಏನು ಬದಲಿಸಲಿ?

ಮೈದಾ_ಮತ್ತು_ತಕ್ಕಡಿ:
ಮೊದಲು ಬೀಟ್‌ರೂಟ್ ಬಿಡಿ. ಅದರ ಕೆಂಪು ಬಿಸಿಗೆ ಒಡೆಯುತ್ತದೆ, ಸೋಡಾದ ಕ್ಷಾರಕ್ಕೆ ಹಳದಿ ಮಿಶ್ರಿತ ಕಂದಾಗುತ್ತದೆ. ನಿಮ್ಮ ಹಿಟ್ಟಿನಲ್ಲಿ ಎರಡೂ ಇದ್ದವು.

ಸೋಡಾ ಎರಡು ಪಟ್ಟಾಗಿದೆ. 120 ಮಿ.ಲೀ. ಹುಳಿ ಮಜ್ಜಿಗೆಗೆ ಅರ್ಧ ಟೀ ಚಮಚ ಸಾಕು. ಉಳಿದದ್ದು ಕೇಕನ್ನು ಕಂದು ಮಾಡುತ್ತದೆ, ನಾಲಿಗೆಗೆ ಸೋಪಿನ ರುಚಿ ಕೊಡುತ್ತದೆ. ನಮ್ಮ ಮನೆಯ ತೆಳು ಮಜ್ಜಿಗೆಯೂ ಆಗುವುದಿಲ್ಲ, ಅಮೆರಿಕದ ಬಟರ್‌ಮಿಲ್ಕ್ ದಪ್ಪಗಿರುತ್ತದೆ. 60 ಗ್ರಾಂ ಹುಳಿ ಮೊಸರಿಗೆ 60 ಮಿ.ಲೀ. ಹಾಲು ಕಡೆದು ಹಾಕಿ. ಜೊತೆಗೆ 1 ಟೀ ಚಮಚ ಬಿಳಿ ವಿನೆಗರ್.

ಕೋಕೋ 8 ಗ್ರಾಂ ಮೀರಬಾರದು. ಇದು ಚಾಕೊಲೇಟ್ ಕೇಕ್ ಅಲ್ಲ, ಕೋಕೋ ಇಲ್ಲಿ ಬರೀ ನೆರಳು. ಕಡು ಕಂದು ಎಂದರೆ ಬಹುಶಃ ಡಚ್ ಕೋಕೋ, ಅಂದರೆ ಕ್ಷಾರ ಹಾಕಿ ಹುಳಿ ತೆಗೆದದ್ದು. ಪೊಟ್ಟಣದ ಹಿಂದೆ ಅಸಿಡಿಟಿ ರೆಗ್ಯುಲೇಟರ್ 500 ಅಥವಾ 501 ಎಂದಿದ್ದರೆ ಅದೇ. ತಿಳಿ ಕಂದಿನ ನ್ಯಾಚುರಲ್ ಕೋಕೋ ತನ್ನಿ.

160 ಗ್ರಾಂ ಮೈದಾ ಬದಲು ಮೈದಾ 140, ಕಾರ್ನ್‌ಫ್ಲೋರ್ 20, ಮೂರು ಸಲ ಜರಡಿ. ಒಣ ಹಿಟ್ಟು ಬಿದ್ದ ಮೇಲೆ ಬೀಟರ್ ಮುಟ್ಟಬೇಡಿ, ಸ್ಪ್ಯಾಚುಲಾದಲ್ಲಿ ಮಗುಚಿ. ವಿನೆಗರ್‌ಗೆ ಸೋಡಾ ಬೆರೆಸಿ ಕೊನೆಗೆ ಹಾಕಿ, ಕೂಡಲೇ ಓವನ್‌ಗೆ. 15 ನಿಮಿಷ ಮೊದಲೇ ಕಾಯಿಸಿದ 165 ಡಿಗ್ರಿಯಲ್ಲಿ 28–32 ನಿಮಿಷ. 20 ನಿಮಿಷ ಕಳೆದ ಮೇಲೆ ಫಾಯಿಲ್ ಮುಚ್ಚಿ, ಇಲ್ಲದಿದ್ದರೆ ಮೇಲಿನ ರಾಡ್ ಬಣ್ಣವನ್ನು ಸುಡುತ್ತದೆ. ಉಬ್ಬಿ ಬಿರಿದದ್ದೂ ಹೆಚ್ಚಿನ ಉರಿಗೇ.

ಹೊಸ_ಓವನ್:
ಬೀಟ್‌ರೂಟ್ ಬಿಟ್ಟರೆ ಕೆಂಪು ಎಲ್ಲಿಂದ? ಬಣ್ಣ ಹಾಕಲು ಮನೆಯಲ್ಲಿ ಒಪ್ಪುತ್ತಿಲ್ಲ.

ಮೈದಾ_ಮತ್ತು_ತಕ್ಕಡಿ:
ನಿಜ ಹೇಳಬೇಕೆಂದರೆ, ಆ ಗಾಢ ಕೆಂಪು ಶೀಶೆಯದ್ದೇ. ಟೆಕ್ಸಾಸಿನ ಆಡಮ್ಸ್ ಎಕ್ಸ್‌ಟ್ರಾಕ್ಟ್ ಎಂಬ ಬಣ್ಣ, ಎಸೆನ್ಸ್ ಕಂಪನಿ ರೆಸಿಪಿ ಕಾರ್ಡು ಹಂಚಿಯೇ ಈ ಕೇಕನ್ನು ಜನಪ್ರಿಯ ಮಾಡಿದ್ದು. ಕೋಕೋ ಮತ್ತು ಹುಳಿ ಸೇರಿ ಕೊಡುವುದು ಕೆಂಗಂದು ಮಾತ್ರ. ಮನೆಯವರ ಹೆದರಿಕೆಗೂ ಕಾರಣವಿದೆ: 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಕೃತಕ ಬಣ್ಣದ ಕಾರಣಕ್ಕೆ ಅಸುರಕ್ಷಿತ ಎನಿಸಿದವು. ಆದ್ದರಿಂದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರುವ ಜೆಲ್ ಬಣ್ಣವನ್ನೇ ಕೊಳ್ಳಿ, ಕಾಲು ಟೀ ಚಮಚದಿಂದ ಶುರು ಮಾಡಿ. ನೀರಿನ ಬಣ್ಣ ಬೇಡ, ಚಮಚಗಟ್ಟಲೆ ಸುರಿಯಬೇಕಾಗುತ್ತದೆ. ಬಣ್ಣವೇ ಬೇಡವೆಂದರೆ ಕೆಂಗಂದು ಕೇಕನ್ನೇ ಧೈರ್ಯವಾಗಿ ಬಡಿಸಿ, ರುಚಿ ಅದೇ.

ಬೆಣ್ಣೆಮುದ್ದೆ:
ಫ್ರಾಸ್ಟಿಂಗ್ ನನಗೆ ಬಿಡಿ. ಡಬ್ಬಿಯದ್ದು ಬ್ರೆಡ್ಡಿಗೆ ಹಚ್ಚುವ ಸ್ಪ್ರೆಡ್, ಕೊಬ್ಬು ಕಡಿಮೆ, ನೀರು ಹೆಚ್ಚು. ಸಕ್ಕರೆ ಚೀಸಿನ ನೀರನ್ನು ಎಳೆದು ತಾನು ಕರಗುತ್ತದೆ, ಅದಕ್ಕೇ ಹೆಚ್ಚಿಸಿದಷ್ಟೂ ತೆಳು. ಬಟ್ಟೆಯಲ್ಲಿ ಶ್ರೀಖಂಡದ ಮೊಸರಿನ ಹಾಗೆ ಕಟ್ಟಿದರೂ ಪೂರ್ತಿ ಇಳಿಯುವುದಿಲ್ಲ, ಸ್ಟೆಬಿಲೈಜರ್ ನೀರನ್ನು ಹಿಡಿದಿರುತ್ತದೆ. ಇಟ್ಟಿಗೆಯಾಕಾರದ ಬ್ಲಾಕ್ ಚೀಸ್ ತನ್ನಿ.

ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಐಸಿಂಗ್ ಶುಗರ್ 150 ಗ್ರಾಂ ಮೊದಲು 4–5 ನಿಮಿಷ ಬೀಟ್ ಮಾಡಿ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆಣ್ಣೆ ಹೊಳೆಯಬಾರದು. ಆಮೇಲೆ ಫ್ರಿಜ್‌ನಿಂದ ಆಗಷ್ಟೇ ತೆಗೆದ ಚೀಸ್ 225 ಗ್ರಾಂ, ತುಂಡು ತುಂಡಾಗಿ. ಗಂಟು ಹೋದ ಕ್ಷಣ ನಿಲ್ಲಿಸಿ.

ಬ್ಲಾಕ್ ಸಿಗದಿದ್ದರೆ ಎರ್ಮೈನ್, ಅಂದರೆ ಹಾಲು, ಮೈದಾ ಕಾಯಿಸಿ ಬೆಣ್ಣೆಗೆ ಸೇರಿಸುವ ಫ್ರಾಸ್ಟಿಂಗ್. ಈ ಕೇಕಿಗೆ ಹಳೆಯ ಜೋಡಿ ಅದೇ. ಹಾಲು 250 ಮಿ.ಲೀ., ಮೈದಾ 35 ಗ್ರಾಂ, ಸಕ್ಕರೆ 170 ಗ್ರಾಂ ಸಣ್ಣ ಉರಿಯಲ್ಲಿ ಕೈಬಿಡದೆ ಕಾಯಿಸಿ. ರಾಗಿ ಅಂಬಲಿಗಿಂತ ದಪ್ಪ, ಹಾಲುಬಾಯಿಯಷ್ಟು ಗಟ್ಟಿ ಬೇಡ. ಪೂರ್ತಿ ಆರಿಸಿ, ನುಣ್ಣಗೆ ಬೀಟ್ ಮಾಡಿದ 225 ಗ್ರಾಂ ಬೆಣ್ಣೆಗೆ ಒಂದೊಂದೇ ಚಮಚ ಸೇರಿಸಿ. ಬಿಸಿ ಉಳಿದಿದ್ದರೆ ಬೆಣ್ಣೆ ಕರಗಿ ಸಾರಾಗುತ್ತದೆ. ತೀರಾ ತಣ್ಣಗಿದ್ದರೆ ಒಡೆದ ಹಾಲಿನಂತೆ ಕಾಣುತ್ತದೆ, ಗಾಬರಿ ಬೇಡ, ಇನ್ನೆರಡು ನಿಮಿಷ ಬೀಟ್ ಮಾಡಿದರೆ ಕೂಡುತ್ತದೆ.

ಕರಾವಳಿ_ಕೇಕು:
ಒಂದು ವಿಷಯ ಯಾರೂ ಹೇಳಲಿಲ್ಲ: ಕೆಂಪು ಬಿಳಿಗೆ ಇಳಿಯುವುದು. ಸಕ್ಕರೆ ಪಾಕ ಸವರಬೇಡಿ. ಎಣ್ಣೆ ಕೇಕಿಗೆ ಅದು ಬೇಕಾಗಿಯೂ ಇಲ್ಲ, ಒದ್ದೆಯಾದ ಪದರದಿಂದ ಬಣ್ಣ ಕ್ರೀಮಿಗೆ ಹರಿದು ಅಂಚೆಲ್ಲ ಗುಲಾಬಿಯಾಗುತ್ತದೆ.

ಕೇಕ್ ಆರಿದ ಮೇಲೆ ಸುತ್ತಿ 2 ಗಂಟೆ ಫ್ರಿಜ್‌ನಲ್ಲಿಟ್ಟು ಕತ್ತರಿಸಿ, ಪುಡಿ ಉದುರುವುದು ಕಡಿಮೆ. ಉಬ್ಬಿದ ತಲೆಯನ್ನು ಗರಗಸದ ಹಲ್ಲಿನ ಚಾಕುವಿನಲ್ಲಿ ಸವರಿ ತೆಗೆಯಿರಿ. ಮೊದಲು ತೆಳು ಕೋಟಿಂಗ್, ಅದಕ್ಕೆ ಬೇರೆ ಬಟ್ಟಲಿನ ಕ್ರೀಮ್. ಪುಡಿ ತಾಗಿದ ಚಾಕು ದೊಡ್ಡ ಬಟ್ಟಲಿಗೆ ಹೋಗಬಾರದು. 30 ನಿಮಿಷ ಫ್ರಿಜ್, ಆಮೇಲೆ ದಪ್ಪ ಕೋಟಿಂಗ್. ತಲೆಯ ಚೂರನ್ನು 100 ಡಿಗ್ರಿಯಲ್ಲಿ 15 ನಿಮಿಷ ಒಣಗಿಸಿ ಪುಡಿ ಮಾಡಿ, ಬುಡದ ಸುತ್ತ ಎರಡು ಬೆರಳು ಎತ್ತರಕ್ಕೆ ಅಂಗೈಯಲ್ಲಿ ಒತ್ತಿ. ಕ್ರೀಮ್ ಇನ್ನೂ ಅಂಟಿರುವಾಗಲೇ ಒತ್ತಬೇಕು.

ಸೆಖೆಯ ಊರಾದರೆ ಡಬ್ಬಿಯೊಳಗಿಟ್ಟೇ ಫ್ರಿಜ್‌ಗೆ ಇಡಿ. ಹೊರಗೆ ತೆಗೆದ ಮೇಲೂ 40 ನಿಮಿಷ ಮುಚ್ಚಳ ತೆರೆಯಬೇಡಿ, ಬೆವರು ಡಬ್ಬಿಯ ಮೇಲೆ ಕೂರಲಿ.

ಹೊಸ_ಓವನ್:
ಪುಡಿ ಹಿಂದಿನ ದಿನವೇ ಒತ್ತಬಹುದೇ?

ಕರಾವಳಿ_ಕೇಕು:
ಬೇಡ. ರಾತ್ರಿಯಿಡೀ ತೇವ ಎಳೆದು ಮೆತ್ತಗಾಗುತ್ತದೆ, ಬಣ್ಣವೂ ಇಳಿಯುತ್ತದೆ. ಪುಡಿ ಡಬ್ಬಿಯಲ್ಲಿರಲಿ, ಶನಿವಾರ ಬೆಳಿಗ್ಗೆ ಬುಡಕ್ಕೆ ಹೊಸ ಕ್ರೀಮ್ ತೆಳುವಾಗಿ ಸವರಿ ಒತ್ತಿ.