ಸ್ಮೋಕರ್ ಬಾಗಿಲಿನ ರಿವೆಟ್ ಡ್ರಿಲ್ ಜೊತೆಗೇ ಸುತ್ತುತ್ತಿದೆ, ತೆಗೆಯೋದು ಹೇಗೆ?

ಬಸವನಗುಡಿ_ತಾರಸಿ
ತಾರಸಿ ಮೇಲಿರುವ ಆಫ್‌ಸೆಟ್ ಸ್ಮೋಕರ್ (ಪಕ್ಕದ ಫೈರ್‌ಬಾಕ್ಸಿನಲ್ಲಿ ಬೆಂಕಿ ಹಾಕಿ, ಹೊಗೆಯಲ್ಲಿ ಮಾಂಸ ಬೇಯಿಸುವ ಪೆಟ್ಟಿಗೆ). ತಗಡು ಸುಮಾರು 1.2 ಮಿ.ಮೀ. ಮಳೆಗೆ ಬಾಗಿಲಿನ ಹಿಂಜ್ ತುಕ್ಕು ಹಿಡಿದು ಸಡಿಲವಾಗಿದೆ, ಫೈರ್‌ಬಾಕ್ಸಿಗೆ ಗಾಳಿ ಹೆಚ್ಚುಕಡಿಮೆ ಮಾಡುವ ಡ್ಯಾಂಪರ್ ತಟ್ಟೆಯೂ ತೂತು ಬಿದ್ದಿದೆ. ಎರಡೂ ರಿವೆಟ್ ಹೊಡೆದು ಕೂರಿಸಿದವು. ರಿವೆಟ್ ತಲೆ ಅಳೆದರೆ 9.5 ಮಿ.ಮೀ. ಇದೆ. 5 ಮಿ.ಮೀ. ಬಿಟ್ ಇಟ್ಟು ಕೊರೆಯಲು ಹೋದರೆ ರಿವೆಟ್ ಬಿಟ್ ಜೊತೆಗೇ ಸುತ್ತುತ್ತದೆ, ಒಂದು ಚೂರೂ ಕೊರೆಯುತ್ತಿಲ್ಲ. ಅಯಸ್ಕಾಂತ ಅಂಟುತ್ತದೆ, ಹಾಗಾಗಿ ಸ್ಟೀಲ್ ರಿವೆಟ್ ಇರಬೇಕು. ಮುಂದೇನು ಮಾಡಲಿ?

ಲೇತ್_ಮನೆ
ತಲೆ 9.5 ಅಂದರೆ ಅದು 4.8 ಮಿ.ಮೀ. ಪಾಪ್ ರಿವೆಟ್ (ನಡುವಿನ ಪಿನ್ ಎಳೆದು ಬಿಗಿಯುವ ಟೊಳ್ಳು ರಿವೆಟ್). ಅಯಸ್ಕಾಂತದ ಮಾತು ಇಲ್ಲಿ ನಂಬಬೇಡಿ. ಮೈ ಅಲ್ಯೂಮಿನಿಯಂ ಆಗಿದ್ದರೂ ನಡುವೆ ಮುರಿದುಳಿದ ಪಿನ್ ಸ್ಟೀಲಿನದ್ದೇ ಇರುತ್ತದೆ, ಅಯಸ್ಕಾಂತ ಹಿಡಿಯುವುದು ಅದನ್ನು. ತಲೆಯ ಅಂಚಿಗೆ ಅರ ಉಜ್ಜಿ ನೋಡಿ. ಬೆಳ್ಳಗೆ, ಮೆತ್ತಗೆ ಸವೆದರೆ ಅಲ್ಯೂಮಿನಿಯಂ.

ತೊಂದರೆಯೂ ಆ ಪಿನ್ನಿನದೇ. ಗಟ್ಟಿ ಪಿನ್ ಮೇಲೆ ಬಿಟ್ ಕೂರದೆ ಜಾರುತ್ತದೆ, ಒಂದು ಪಕ್ಕದ ಮೆತ್ತಗಿನ ಮೈಯನ್ನು ಕಚ್ಚಿಕೊಂಡು ರಿವೆಟ್ಟನ್ನೇ ಸುತ್ತಿಸುತ್ತದೆ. ಹೀಗೇ ಒತ್ತುತ್ತಾ ಹೋದರೆ ತಗಡಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೊದಲು 2.5 ಮಿ.ಮೀ. ಪಿನ್ ಪಂಚ್ ಇಟ್ಟು ಸುತ್ತಿಗೆಯಿಂದ ಪಿನ್ನನ್ನು ಒಳಕ್ಕೆ ಉದುರಿಸಿ. ಆಗ ತಲೆಯ ನಡುವೆ ಸಹಜವಾಗಿಯೇ ಒಂದು ಗುಳಿ ಸಿಗುತ್ತದೆ, ಬಿಟ್ ಅಲ್ಲೇ ನಿಲ್ಲುತ್ತದೆ.

ಆಮೇಲೂ ಸುತ್ತಿದರೆ, ಬಾಗಿಲು ತೆರೆದು ಒಳಗಡೆ ಉಬ್ಬಿರುವ ಬಾಲವನ್ನು ವೈಸ್ ಗ್ರಿಪ್‌ನಲ್ಲಿ (ಬಿಗಿಯಾಗಿ ಲಾಕ್ ಆಗುವ ಇಕ್ಕಳ) ಹಿಡಿಯಿರಿ. ಕೈ ಎಟುಕದ ಕಡೆ ತಲೆಯಡಿಗೆ ತೆಳು ಪಟ್ಟಿ ಅಥವಾ ಉಳಿಯ ಬಾಯಿ ತೂರಿಸಿ ಮೇಲಕ್ಕೆ ಮೀಟಿ ಹಿಡಿದರೂ ಸಾಕು. 4.8 ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ ಮೋಡ್ ಆಫ್ ಮಾಡಿ. ಆರಪಾರ ಕೊರೆಯಬೇಡಿ. ತಲೆ ಕಳಚಿ ಉಂಗುರದಂತೆ ಬಿಟ್ಟಿಗೆ ಏರಿದ ಕ್ಷಣ ನಿಲ್ಲಿಸಿ, ಉಳಿದ ತುಂಡನ್ನು 4 ಮಿ.ಮೀ. ಪಂಚ್‌ನಿಂದ ಒಳಕ್ಕೆ ಹೊಡೆಯಿರಿ.

ಪೀಣ್ಯ_ಫಿಟ್ಟರ್
ಗ್ರೈಂಡರಿನಲ್ಲಿ ಫ್ಲಾಪ್ ಡಿಸ್ಕ್ (ಉಜ್ಜು ಕಾಗದದ ಪದರಗಳ ಚಕ್ರ) ಹಾಕಿ ತಲೆ ಸವೆಸಿದರೆ ಸುತ್ತುವ ತಕರಾರೇ ಇಲ್ಲ. ಎದ್ದು ಕಾಣುವ ತಲೆ ಸಮತಟ್ಟಾಗುವವರೆಗೆ ಸವೆಸಿ, ಪಂಚ್ ಮಾಡಿದರೆ ಮುಗಿಯಿತು.

ಲೇತ್_ಮನೆ
ಫೈರ್‌ಬಾಕ್ಸಿನ ಕಡೆ ಅದೇ ಸರಿ. ಅಡುಗೆ ಪೆಟ್ಟಿಗೆಯ ಹತ್ತಿರ ಬೇಡ ಅನ್ನುತ್ತೇನೆ. 1.2 ತಗಡಿನಲ್ಲಿ ಡಿಸ್ಕ್ ಒಂದು ಸಲ ಓರೆಯಾದರೂ ಗುಂಡಿ ಬೀಳುತ್ತದೆ. ಒಳಗೆ ಜಿಡ್ಡು ಕಟ್ಟಿದ್ದರೆ ಕಿಡಿ ತಗುಲಿ ಬೆಂಕಿಯೂ ಹತ್ತಬಹುದು. ಗ್ರೈಂಡರ್ ಹಿಡಿಯಲೇಬೇಕಾದರೆ ಮೊದಲು ಜಿಡ್ಡು ಕೆರೆದು ಒರೆಸಿ, ಕನ್ನಡಕ ಹಾಕಿಕೊಳ್ಳಿ.

ಒಂದು ವೇಳೆ ಅರ ಜಾರಿ ರಿವೆಟ್ ಸ್ಟೇನ್‌ಲೆಸ್ ಅಂತ ಗೊತ್ತಾದರೆ ಕ್ರಮ ಬೇರೆ. ಬಿಟ್ ವೇಗವಾಗಿ ಸುತ್ತಿ ಬರೀ ಉಜ್ಜಿದರೆ ಆ ಲೋಹದ ಮೇಲ್ಮೈ ಇನ್ನೂ ಗಡುಸಾಗುತ್ತದೆ, ಆಮೇಲೆ ಯಾವ ಬಿಟ್ಟೂ ಇಳಿಯುವುದಿಲ್ಲ. ಕೋಬಾಲ್ಟ್ ಬಿಟ್, ನಿಮಿಷಕ್ಕೆ 600–800 ಸುತ್ತು, ಎರಡು ಹನಿ ಕಟಿಂಗ್ ಆಯಿಲ್, ಬಿಡದೆ ಒತ್ತಡ. ಸುರುಳಿ ಸುರುಳಿಯಾಗಿ ಚೂರು ಬರುತ್ತಿರಬೇಕು. ಪುಡಿ ಬಂದರೆ ಬಿಟ್ ಮೊಂಡಾಗಿದೆ.

ಬಸವನಗುಡಿ_ತಾರಸಿ
ಅರ ಉಜ್ಜಿದೆ, ಅಲ್ಯೂಮಿನಿಯಮ್ಮೇ. ಪಿನ್ ಉದುರಿಸಿದ ಮೇಲೆ ಹಿಂಜಿನ ರಿವೆಟ್ ಎಲ್ಲಾ ಬಂದವು, ಒಂದು ತೂತು ಮಾತ್ರ ಅಗಲವಾಗಿದೆ. ಈಗ ಅದೇ ಅಲ್ಯೂಮಿನಿಯಂ ರಿವೆಟ್ ವಾಪಸ್ ಹೊಡೆಯಲೇ? ತೂತಿನ ಸಂದಿಗೆ ಕೆಂಪು ಸಿಲಿಕೋನ್ ನಡೆಯುತ್ತಾ?

ಪೀಣ್ಯ_ಫಿಟ್ಟರ್
ಫೈರ್‌ಬಾಕ್ಸಿಗೆ ಅಲ್ಯೂಮಿನಿಯಂ ಖಂಡಿತ ಬೇಡ. ಅದು ಕರಗುವುದು 660 ಡಿಗ್ರಿಗೆ ಆದರೂ 200 ಡಿಗ್ರಿ ದಾಟುತ್ತಿದ್ದಂತೆ ಬಲ ಕಳೆದುಕೊಳ್ಳುತ್ತದೆ. ಕೆಂಡ ತಾಗುವ ತಗಡು ಇದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಸತು ಲೇಪದ ಬೋಲ್ಟೂ ಬೇಡ, ಕಾದರೆ ಅದರ ಹೊಗೆ ಕೆಟ್ಟದ್ದು.

ಸ್ಟೇನ್‌ಲೆಸ್ ರಿವೆಟ್ ಹಾಕಬಹುದು, ಆದರೆ 4.8 ಅನ್ನು ಸಾಮಾನ್ಯ ಕೈ ರಿವೆಟರ್ ಎಳೆಯಲಾರದೆ ಒದ್ದಾಡುತ್ತದೆ, ಉದ್ದ ಹಿಡಿಯ ಲಿವರ್ ರಿವೆಟರ್ ಬೇಕು. ಹಿಂಜ್, ಡ್ಯಾಂಪರ್ ಎರಡೂ ಮುಂದೆ ಮತ್ತೆ ಬಿಚ್ಚಬೇಕಾದ ಭಾಗಗಳು, ಅದಕ್ಕೆ ಬೋಲ್ಟೇ ವಾಸಿ. ಎಸ್.ಜೆ.ಪಿ. ರಸ್ತೆಯ ಬೋಲ್ಟ್-ನಟ್ ಅಂಗಡಿಗಳಲ್ಲಿ ಎಸ್‌ಎಸ್ 304 ಎಂ5 × 16 ಬಟನ್ ಹೆಡ್ (5 ಮಿ.ಮೀ. ದಪ್ಪ, 16 ಮಿ.ಮೀ. ಉದ್ದ, ಗುಂಡು ತಲೆಯ ಸ್ಟೇನ್‌ಲೆಸ್ ಬೋಲ್ಟ್) ಕೇಳಿ. ತೂತನ್ನು 5.5ಕ್ಕೆ ಹಿಗ್ಗಿಸಿ. ಬೋಲ್ಟಿನ ತಲೆ ಒಳಗೆ, ನಟ್ ಹೊರಗೆ ಬರಲಿ. ಮರೆ (ಬೋಲ್ಟಿನ ತಿರುಪಿನ ಗೆರೆ) ಒಳಗಿದ್ದರೆ ಹೊಗೆಯ ಡಾಂಬರು ಕಟ್ಟಿ ಮುಂದಿನ ಸಲ ನಟ್ ಅಲುಗುವುದಿಲ್ಲ. ನೈಲಾಕ್ ನಟ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಒಳಗಿನ ನೈಲಾನ್ ಸುಮಾರು 120 ಡಿಗ್ರಿಗಷ್ಟೇ, ನಿಮ್ಮ ಅಡುಗೆಯೇ 110–135ರಲ್ಲಿ ನಡೆಯುತ್ತದೆ. ಸ್ಪ್ರಿಂಗ್ ವಾಷರ್ ಹಾಕಿ, ಇಲ್ಲವೇ ಎರಡು ನಟ್ ಒಂದರ ಮೇಲೊಂದು ಬಿಗಿಯಿರಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಮೆಷಿನ್ನಿನಿಂದ ಜೋರಾಗಿ ತಿರುಗಿಸಿದರೆ ಮರೆ ಕಚ್ಚಿಕೊಂಡುಬಿಡುತ್ತದೆ. ಹೊರಗಿನ ಮರೆಗೆ ಸ್ವಲ್ಪ ಆ್ಯಂಟಿ-ಸೀಜ್ (ಮರೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ, ಕೈ ಸ್ಪ್ಯಾನರಿನಲ್ಲೇ ನಿಧಾನ ಬಿಗಿ ಮಾಡಿ.

ಅಗಲವಾದ ತೂತಿಗೆ ಎರಡೂ ಕಡೆ 20 ಮಿ.ಮೀ. ಅಗಲದ ಸ್ಟೇನ್‌ಲೆಸ್ ವಾಷರ್ ಕೊಡಿ, ಸಿಲಿಕೋನ್ ಬೇಕಾಗುವುದಿಲ್ಲ. ಕೆಂಪು ಸಿಲಿಕೋನ್ ತಾಳುವುದು ಹೆಚ್ಚೆಂದರೆ 300 ಡಿಗ್ರಿ, ಫೈರ್‌ಬಾಕ್ಸಿಗೆ ಅದು ಬರುವುದೇ ಇಲ್ಲ.

ಲೇತ್_ಮನೆ
ಒಂದು ಸೇರಿಸುತ್ತೇನೆ. ಡ್ಯಾಂಪರ್ ತಟ್ಟೆಯ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಮೊದಲ ನಟ್ ತಾಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಟ್ಟು, ಎರಡನೇ ನಟ್‌ನಿಂದ ಅದನ್ನು ಲಾಕ್ ಮಾಡಿ. ತಗಡು ಕಾದು ಹಿಗ್ಗಿದಾಗಲೂ ತಟ್ಟೆ ಬೆರಳಲ್ಲಿ ತಿರುಗಬೇಕು.

ಉದುರಿದ ಚೂರುಗಳನ್ನು ಬರೀ ಅಯಸ್ಕಾಂತದಿಂದ ಬಳಿದರೆ ಪಿನ್ ಮಾತ್ರ ಬರುತ್ತದೆ, ಅಲ್ಯೂಮಿನಿಯಂ ಸಿಪ್ಪೆ ಒಳಗೇ ಉಳಿಯುತ್ತದೆ. ವ್ಯಾಕ್ಯೂಮ್ ಹಿಡಿದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಜಾಲರಿಯನ್ನು ಬೇರೆಯಾಗಿ ತೊಳೆಯಿರಿ. ಬರಿದಾದ ಕಬ್ಬಿಣಕ್ಕೆ ಒಳಗಡೆ ತೆಳುವಾಗಿ ಅಡುಗೆ ಎಣ್ಣೆ, ಹೊರಗಡೆ ಶಾಖ ತಾಳುವ ಕಪ್ಪು ಪೇಂಟ್. ಪೇಂಟ್ ಒಣಗಿದ ಮೇಲೆ ಎರಡು ಗಂಟೆ ಖಾಲಿ ಉರಿಸಿ, ತಣ್ಣಗಾದ ಮೇಲೆ ಹಿಂಜಿನ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಆಮೇಲೆ ಮಾಂಸ ಇಡಿ.