ಅಣ್ಣ ಬಿಟ್ಟುಹೋದ ಬೋವಾ ಹಾವು ಬುಸುಗುಟ್ಟುತ್ತೆ, ತಿಂದಿದ್ದನ್ನ ಕಕ್ಕಿದೆ. ಏನು ಮಾಡ್ಲಿ?

ಸಂತೆಪೇಟೆ_ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಒಂದು ಬೋವಾ ಸಾಕಿದ್ದ. ಹೆಣ್ಣು, ನಾಲ್ಕು ವರ್ಷ, ಐದಡಿ ಉದ್ದ. ಅವನಿಗೆ ಹೊರದೇಶದಲ್ಲಿ ಕೆಲಸ ಸಿಕ್ತು, ಹೋದ ತಿಂಗಳು ಹಾಸನಕ್ಕೆ ತಂದು ನನ್ನ ಕೈಗೆ ಒಪ್ಪಿಸಿ ಹೋದ. ಅವನ ಮನೇಲಿ ಇದೇ ಹಾವನ್ನ ಹೆಗಲ ಮೇಲೆ ಹಾಕ್ಕೊಂಡು ಕೂತು ಮ್ಯಾಚ್ ನೋಡಿದೀನಿ, ಅಷ್ಟು ಸಾಧು.

ಇಲ್ಲಿಗೆ ಬಂದು 24 ದಿನ ಆಯ್ತು. ಮೀನು ಸಾಕೋ ಗಾಜಿನ ತೊಟ್ಟಿಯಲ್ಲಿ ಇಟ್ಟಿದೀನಿ, ಮೇಲೆ ಜಾಲರಿ, 60 ವ್ಯಾಟಿನ ಬಲ್ಬು. ತೊಟ್ಟಿ ಹಜಾರದಲ್ಲಿ ಟೀವಿ ಪಕ್ಕ ಇದೆ. ಹತ್ರ ಹೋದ್ರೆ ಸಾಕು, ಕುಕ್ಕರ್ ವಿಷಲ್ ಹಾಕೋಕೆ ಮುಂಚೆ ಬರೋ ಸದ್ದಿನ ಹಾಗೆ ಉದ್ದಕ್ಕೆ ಬುಸ್ ಅನ್ನುತ್ತೆ. ಕುತ್ತಿಗೆ ಸುರುಳಿ ಮಾಡ್ಕೊಂಡು ಎರಡು ಸಲ ಗಾಜಿಗೆ ಮೂತಿ ಬಡ್ಕೊಂಡಿದೆ. ಭಾನುವಾರ ಇಲಿ ಕೊಟ್ಟೆ, ತಿಂತು. ಖುಷಿಗೆ ಮಾರನೇ ದಿನ ಎತ್ಕೊಂಡೆ. ಮಂಗಳವಾರ ಬೆಳಗ್ಗೆ ನೋಡಿದ್ರೆ ಇಡೀ ಇಲಿ ಹೊರಗೆ ಬಿದ್ದಿತ್ತು, ಆ ವಾಸನೆಗೆ ಅಮ್ಮ ಹಜಾರಕ್ಕೇ ಬರ್ಲಿಲ್ಲ. ಗುರುವಾರ ನನ್ನ ಹೆಬ್ಬೆರಳ ಬುಡಕ್ಕೆ ಕಚ್ಚಿತು.

ಸ್ನೇಹಿತ ಒಬ್ಬ ದಿನಾ ಒಂದು ಗಂಟೆ ಕೈಯಲ್ಲಿ ಹಿಡ್ಕೊಂಡು ಕೂತರೆ ಪಳಗುತ್ತೆ ಅಂತಾನೆ. ಅಮ್ಮ ಯಾರಿಗಾದ್ರೂ ಕೊಟ್ಟುಬಿಡು ಅಂತಾರೆ. ನನಗೆ ಬಿಡೋ ಮನಸ್ಸಿಲ್ಲ. ಇದರ ಸ್ವಭಾವವೇ ಕೆಟ್ಟುಹೋಯ್ತಾ?

ಮೂಡಿಗೆರೆ_ಅಕ್ಕ

ತಮ್ಮಾ, ಮೊದಲು ಹಿಡಿಯೋದು ನಿಲ್ಲಿಸು. ಎರಡು ವಾರ ನೀರು ಬದಲಿಸೋಕೆ, ಗಲೀಜು ತೆಗೆಯೋಕೆ ಬಿಟ್ಟರೆ ಕೈ ಹಾಕ್ಬೇಡ. ಅದರ ಸ್ವಭಾವ ಕೆಟ್ಟಿಲ್ಲ, ಅದಕ್ಕೆ ಚಳಿ ಆಗ್ತಿದೆ.

ನನ್ನ ಹತ್ರ 2017ರಿಂದ ಒಂದು ಹೆಣ್ಣು ಬೋವಾ ಇದೆ, ಈಗ ಏಳಡಿ ದಾಟಿದೆ. ಮೂಡಿಗೆರೆಯ ಮೊದಲನೇ ಮಳೆಗಾಲದಲ್ಲಿ ನನ್ನದೂ ಹೀಗೇ ಬುಸುಗುಟ್ಟೋಕೆ ಶುರು ಮಾಡಿತ್ತು. ನಾನೂ ಏನೇನೋ ಓದಿ ತಲೆ ಕೆಡಿಸ್ಕೊಂಡಿದ್ದೆ. ನಮ್ಮ ಮಾವ ಹಾವನ್ನ ಮುಟ್ಟಿದವರೇ ಅಲ್ಲ. ಅವರು ಬಾಗಿಲಲ್ಲಿ ನಿಂತು, "ಚಳೀಲಿ ನಡುಗೋ ದನಾನೂ ಹಾಯೋಕೆ ಬರುತ್ತಮ್ಮ" ಅಂದ್ರು. ಆವತ್ತು ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದ್ರೆ 21 ಡಿಗ್ರಿ. ಬೋವಾ ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಜೀವ. ಮೈ ತಣ್ಣಗಾದ್ರೆ ಓಡಿ ತಪ್ಪಿಸ್ಕೊಳ್ಳೋ ಶಕ್ತಿ ಇರಲ್ಲ, ಹತ್ರ ಬಂದವರನ್ನ ಹೆದರಿಸೋದೊಂದೇ ಅದಕ್ಕೆ ಉಳಿಯೋ ದಾರಿ. ಇಲಿ ಕಕ್ಕಿದ್ದಕ್ಕೂ ಇದೇ ಕಾರಣ ಇರಬೇಕು. ಹೊಟ್ಟೆಗೆ ಬಿಸಿ ಸಾಲದಿದ್ರೆ ತಿಂದಿದ್ದು ಕರಗೋ ಮುಂಚೆ ಕೊಳೆಯುತ್ತೆ. ಅದರ ಮೇಲೆ ನೀನು ಮಾರನೇ ದಿನವೇ ಎತ್ಕೊಂಡೆ. ತಿಂದ ಮೇಲೆ ಕನಿಷ್ಠ 48 ಗಂಟೆ, ಹೊಟ್ಟೆಯ ಉಬ್ಬು ಕಾಣ್ತಿದ್ರೆ ಇನ್ನೂ ಹೆಚ್ಚು ಹೊತ್ತು, ಬಿಟ್ಟುಬಿಡು.

ಆ ಗಾಜಿನ ತೊಟ್ಟಿ ಹಾಸನದ ಜುಲೈಗೆ ಆಗಲ್ಲ, ಜಾಲರಿಯಿಂದ ಬಿಸಿಯೆಲ್ಲ ಮೇಲೆ ಹೋಗಿಬಿಡುತ್ತೆ. ನಾನು ಇಲ್ಲಿಯ ಆಚಾರ್ರ ಹತ್ರ ಪ್ಲೈವುಡ್ ಪೆಟ್ಟಿಗೆ ಮಾಡಿಸಿದ್ದು. ನಿನ್ನದಕ್ಕೆ ಸದ್ಯ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಸಾಕು, ಬೆಳೆದ ಮೇಲೆ 6 ಅಡಿಯದ್ದು ಬೇಕು. ಮುಂದೆ ಸರಿಯೋ ಗಾಜು, ಅದಕ್ಕೆ ಬೀಗ. ಬೀಗ ಮರೀಬೇಡ, ಮೂತಿ ಒತ್ತಿ ಒತ್ತಿ ಗಾಜು ಸರಿಸುತ್ತೆ. ವಾರ್ನಿಷ್ ವಾಸನೆ ಪೂರ್ತಿ ಹೋಗೋವರೆಗೂ ಒಳಗೆ ಬಿಡ್ಬೇಡ. ಬಲ್ಬಿನ ಬದಲು ಬೆಳಕಿಲ್ಲದ ಸೆರಾಮಿಕ್ ಹೀಟರ್, ಸುತ್ತ ತಂತಿ ಬಲೆ (ಇಲ್ಲದಿದ್ರೆ ಸುತ್ಕೊಂಡು ಮೈ ಸುಟ್ಕೊಳ್ಳುತ್ತೆ), ಬಿಸಿ ಹೆಚ್ಚುಕಮ್ಮಿ ಆಗದ ಹಾಗೆ ನೋಡ್ಕೊಳ್ಳೋ ಥರ್ಮೋಸ್ಟಾಟ್. ಒಂದು ಬದಿ 31ರಿಂದ 32 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು. ಎರಡೂ ಬದಿಯಲ್ಲಿ ಮೈ ತಾಗುವಷ್ಟು ಇಕ್ಕಟ್ಟಿನ ಅಡಗುತಾಣ ಇಡು, ಬೋರಲು ಹಾಕಿ ಬಾಯಿ ಕೊರೆದ ಪ್ಲಾಸ್ಟಿಕ್ ಟಬ್ ಆದ್ರೂ ಸರಿ. ಟೀವಿ ಪಕ್ಕದಿಂದ ತೆಗೆದು ಜನ ಓಡಾಡದ ಕೋಣೆಗೆ ಹಾಕು.

ಕಕ್ಕಿದ ಮೇಲೆ ಹತ್ತು ಹದಿನಾಲ್ಕು ದಿನ ಏನೂ ಕೊಡ್ಬೇಡ. ಆಮೇಲೆ ಮಾಮೂಲಿಗಿಂತ ಅರ್ಧ ಗಾತ್ರದ ಇಲಿ. ಅಯ್ಯೋ ಹಸಿದಿರುತ್ತೆ ಅಂತ ಮರುದಿನವೇ ಕೊಟ್ರೆ ಮತ್ತೆ ಕಕ್ಕುತ್ತೆ. ಹೀಗೆ ಮೇಲಿಂದ ಮೇಲೆ ಕಕ್ಕಿದ್ರೆ ಬೋವಾ ಸತ್ತೇ ಹೋಗಬಹುದು. ಎರಡನೇ ಸಲ ಕಕ್ಕಿದ್ರೆ, ಬಾಯಿ ತೆರೆದು ಉಸಿರಾಡಿದ್ರೆ, ಮೂಗಲ್ಲಿ ಗುಳ್ಳೆ ಕಂಡ್ರೆ ಡಾಕ್ಟರ ಹತ್ರ ಹೋಗು. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸು.

ಇನ್ನು ಕಚ್ಚೋ ವಿಷಯ. ಬುಸುಗುಟ್ಟುತ್ತಾ ಕುತ್ತಿಗೆ ಹಿಂದಕ್ಕೆಳೆದು ನಿಂತಿದ್ರೆ ಅದು ಹೆದರಿಕೆ. ಕಚ್ಚಿದ್ರೂ ತಟ್ಟನೆ ಬಿಟ್ಟುಬಿಡುತ್ತೆ. ಸದ್ದೇ ಇಲ್ಲದೆ, ನಾಲಿಗೆ ನಿಧಾನಕ್ಕೆ ಆಡಿಸ್ತಾ ಬಾಗಿಲ ಕಡೆ ಮುಖ ಮಾಡಿ ಬಂತು ಅಂದ್ರೆ ಅದು ಹಸಿವು, ಆಗ ಕೈ ಹಾಕಿದ್ರೆ ಕಚ್ಚಿ ಸುತ್ಕೊಳ್ಳುತ್ತೆ. ನನ್ನದು ಬುಸುಗುಟ್ಟಿದ ದಿನ ನಾನು ಹೆದರಲ್ಲ, ಸುಮ್ಮನಿದ್ದ ದಿನ ಹುಷಾರಾಗಿರ್ತೀನಿ. ಪೆಟ್ಟಿಗೆ ತೆರೆದ ಕೂಡಲೇ ಕೊಕ್ಕೆಯಿಂದ ಬೆನ್ನು ಮೆಲ್ಲಗೆ ಸವರಿ ಆಮೇಲೇ ಕೈ ಹಾಕೋದು. ಊಟ ಕೊಡೋದಾದ್ರೆ ಇಕ್ಕಳದಲ್ಲಿ, ಆಗ ಕೊಕ್ಕೆ ಮುಟ್ಟಿಸಲ್ಲ. ಕೊಕ್ಕೆ ತಾಗಿದ್ರೆ ಊಟ ಇಲ್ಲ ಅಂತ ಎರಡು ಮೂರು ತಿಂಗಳಲ್ಲಿ ಅದಕ್ಕೇ ರೂಢಿಯಾಯ್ತು. ಹಿಡಿದು ಬಿಡದಿದ್ರೆ ಕೈ ಎಳೀಬೇಡ, ಹಲ್ಲು ಒಳಮುಖವಾಗಿ ಬಾಗಿರುತ್ತೆ, ನಿನ್ನ ಚರ್ಮ ಹರಿಯುತ್ತೆ, ಅದರ ಹಲ್ಲೂ ಮುರಿಯುತ್ತೆ. ಬಾಯಿ ಮೇಲೆ ತಣ್ಣೀರು ಬಿಡು, ಬಾಲದ ಕಡೆಯಿಂದ ಸುತ್ತು ಬಿಚ್ಚು. ವಿಷ ಇಲ್ಲ. ಗಾಯ ಸೋಪಲ್ಲಿ ಚೆನ್ನಾಗಿ ತೊಳಿ, ಟಿಟಿ ಹಾಕಿಸ್ಕೊ. ಕಣ್ಣು ಹಾಲುನೀಲಿ ಆಗಿ ಪೊರೆ ಬಿಡೋ ವಾರದಲ್ಲಂತೂ ಮುಟ್ಟೋಕೇ ಹೋಗ್ಬೇಡ, ಆಗ ಅದಕ್ಕೆ ಕಣ್ಣು ಸರಿಯಾಗಿ ಕಾಣಲ್ಲ.

ಕಡೂರು_ತೆಂಗು

ಅಕ್ಕ ಹೇಳಿದ್ದರ ಜೊತೆಗೆ ಎರಡು ವಿಷಯ. ತೋಟದಲ್ಲೋ ಮನೆಯಲ್ಲೋ ಹಿಡಿದ ಇಲಿ ಕೊಡ್ಬೇಡಿ ಸರ್. ಪಾಷಾಣ ತಿಂದ ಇಲಿ ಯಾವುದು ಅಂತ ನೋಡಿದ್ರೆ ಗೊತ್ತಾಗಲ್ಲ. ಸಾಕಿದ ಇಲಿಯನ್ನ ಫ್ರೀಜ್ ಮಾಡಿ, ಕರಗಿಸಿ ಕೊಡಿ. ಜೀವಂತ ಇಲಿ ಬಿಟ್ರೆ ಹಾವಿನ ಮುಖ ಕಚ್ಚಿಹಾಕುತ್ತೆ.

ಇನ್ನೊಂದು, ಕಾಗದಪತ್ರ. ಅಣ್ಣನ ಹೆಸರಲ್ಲಿ ಪರಿವೇಶ್ ಪೋರ್ಟಲ್‌ನಲ್ಲಿ (ಕೇಂದ್ರ ಪರಿಸರ ಇಲಾಖೆಯ ವೆಬ್‌ಸೈಟು) ಈ ಹಾವಿನ ನೋಂದಣಿ ಇದೆಯಾ ಕೇಳಿ. ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ, 2024ರ ನಿಯಮ ಬಂದ ಮೇಲೆ ಇದು ಕಡ್ಡಾಯ. ಕೈ ಬದಲಾದ್ರೆ ಅದನ್ನೂ ದಾಖಲಿಸಬೇಕು.

ನೀವು ಬೋವಾ ಸಾಕಿದೀರ ಅಂತ ಗೊತ್ತಾದ್ರೆ ಯಾರಾದ್ರೂ ಮಣ್ಣುಮುಕ್ಕ ಹಾವು ತಂದ್ಕೊಡ್ತೀನಿ ಅಂತ ಬರ್ತಾರೆ, ಅದೂ ಬೋವಾ ಬಳಗದ್ದೇ. ನಮ್ಮ ಕಡೂರು, ಅರಸೀಕೆರೆ ಬಯಲಲ್ಲಿ ತೆಂಗಿನ ಬುಡ ಅಗೆಯುವಾಗ ಸಿಗುತ್ತೆ. ಅದರಷ್ಟು ಸೌಮ್ಯ ಹಾವು ನಾನು ಕಂಡಿಲ್ಲ, ಅಂಗೈಲಿ ಇಟ್ರೆ ಬೆರಳ ಸಂದಿಯಲ್ಲಿ ತಲೆ ತೂರಿಸಿ ಸುಮ್ಮನಾಗುತ್ತೆ. ಬಾಲ ಮೊಂಡಾಗಿರೋದಕ್ಕೆ ಎರಡು ತಲೆ ಅಂತಾರೆ, ನಿಧಿ ತೋರಿಸುತ್ತೆ ಅಂತ ಲಕ್ಷಗಟ್ಟಲೆ ಹೇಳಿ ಮಾರ್ತಾರೆ. ಎಲ್ಲಾ ಸುಳ್ಳು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಹಿಡಿಯೋದು, ಸಾಕೋದು, ಮಾರೋದು ಅಪರಾಧ. ಆ ಪಾಪದ ಜೀವ ನಮ್ಮ ಇಲಿಗಳನ್ನ ತಿಂದು ಉಪಕಾರ ಮಾಡ್ಕೊಂಡಿದೆ, ಅದರ ಹೊಲದಲ್ಲೇ ಇರ್ಲಿ.

ಸಂತೆಪೇಟೆ_ಹಾಸನ

ಅಕ್ಕಾ, 19 ದಿನ ಆಯ್ತು. ಆವತ್ತೇ ತೊಟ್ಟಿಯೊಳಗೆ ಅಳೆದೆ, ಬಲ್ಬಿನ ಕೆಳಗೆ 27, ಮೂಲೆಯಲ್ಲಿ 22. ಆಚಾರ್ರು ಹಳೇ ಟೀವಿ ಸ್ಟ್ಯಾಂಡನ್ನೇ ಪೆಟ್ಟಿಗೆ ಮಾಡ್ಕೊಟ್ರು, ಹೀಟರ್, ಥರ್ಮೋಸ್ಟಾಟ್ ಬೆಂಗಳೂರಿಂದ ತರಿಸಿದೆ. ಹಿಂದಿನ ಕೋಣೆಗೆ ಹಾಕಿದೀನಿ. ಮೊದಲ ಎರಡು ದಿನ ಬಿಸಿ ಬದಿಯ ಟಬ್ಬಿಂದ ಆಚೆಗೇ ಬರ್ಲಿಲ್ಲ. ಈಗ ಒಂದು ವಾರದಿಂದ ಬುಸ್ ಅಂದಿಲ್ಲ. ನಿನ್ನೆ ರಾತ್ರಿ ನೀರು ಬದಲಿಸುವಾಗ ಟಬ್ಬಿನ ಬಾಯಿಗೆ ಗದ್ದ ಊರ್ಕೊಂಡು ನನ್ನ ಕೈ ಹೋದ ಕಡೆಗೆಲ್ಲ ನಿಧಾನಕ್ಕೆ ತಲೆ ತಿರುಗಿಸ್ತಾ ನೋಡ್ತಿತ್ತು. ಅಮ್ಮ ಬಾಗಿಲವರೆಗೂ ಬಂದು ನೋಡಿ ಹೋದ್ರು. ಅಣ್ಣನ ನೋಂದಣಿ ಇದೆಯಂತೆ, ವರ್ಗಾವಣೆಗೆ ಅರ್ಜಿ ಹಾಕಿದೀವಿ.

ನಾಳೆ ಸಣ್ಣ ಇಲಿ ಕೊಡ್ಲಾ? ರಾತ್ರಿಯಿಡೀ ಕರೆಂಟ್ ಹೋದ್ರೆ ಏನು ಮಾಡ್ಬೇಕು?

ಮೂಡಿಗೆರೆ_ಅಕ್ಕ

ಕೊಡು. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು ಕರಗಿಸು, ಅಮ್ಮನಿಗೆ ಹೇಳಿ ಮುಚ್ಚಳದ ಡಬ್ಬಿ ಬೇರೆ ಮಾಡ್ಕೊ. ಕೊಡೋ ಮುಂಚೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಿಸಿನೀರಲ್ಲಿ ಮುಳುಗಿಸು, ಹೊಟ್ಟೆ ಒತ್ತಿದ್ರೆ ಒಳಗೂ ಬೆಚ್ಚಗಿರಬೇಕು, ಗಟ್ಟಿ ತಾಗಬಾರದು. ಸಂಜೆ ಮೇಲೆ ಕೊಡು. ಕೊಟ್ಟು ದೀಪ ಆರಿಸಿ ಆಚೆ ಬಾ. ತಿನ್ನದಿದ್ರೆ ಬೆಳಗ್ಗೆ ತೆಗೆದು ಬಿಸಾಡು, ಮತ್ತೆ ಒಂದು ವಾರ ಬಿಟ್ಟು ನೋಡು.

ಕರೆಂಟಿಗೆ: ಇಲ್ಲಿ ಮಳೆಗಾಲದಲ್ಲಿ ಎರಡು ಮೂರು ದಿನ ಇರದಿದ್ದೂ ಇದೆ. ನಾನು ಬಚ್ಚಲ ಹಂಡೆಯ ಬಿಸಿನೀರನ್ನ ಬಾಟಲಿಗಳಿಗೆ ತುಂಬಿ, ಹಳೇ ಪಂಚೆಯಲ್ಲಿ ಸುತ್ತಿ ಒಂದು ಬದಿಗೆ ಇಡ್ತೀನಿ. ಹೊರಗಿಂದ ಪೆಟ್ಟಿಗೆಗೆ ಕಂಬಳಿ ಹೊದಿಸ್ತೀನಿ, ಗಾಳಿಯ ತೂತು ಮಾತ್ರ ಮುಚ್ಚಲ್ಲ. ಮೂರು ಗಂಟೆಗೊಮ್ಮೆ ನೀರು ಬದಲಿಸಬೇಕು, ರಾತ್ರಿಯಾದ್ರೆ ಅಲಾರಾಂ ಇಟ್ಕೊ. ಮಳೆ ಜೋರಾಗಿ ಕರೆಂಟ್ ಹೋಗೋ ಹಾಗಿದ್ರೆ ಆ ವಾರ ಊಟ ಕೊಡ್ಬೇಡ, ಖಾಲಿ ಹೊಟ್ಟೆಯಲ್ಲಿ ಒಂದೆರಡು ದಿನದ ಚಳಿಯನ್ನ ತಡ್ಕೊಳ್ಳುತ್ತೆ, ತುಂಬಿದ ಹೊಟ್ಟೆಯಲ್ಲಿ ಆಗಲ್ಲ.

ನಾಳೆ ಇಲಿ ತಿಂದ್ರೆ ತಾರೀಖು, ಇಲಿಯ ತೂಕ ಬರೆದಿಡು. ನಾಲ್ಕು ದಿನ ಬಿಟ್ಟು ಇಲ್ಲೇ ತಿಳಿಸು, ಕಾಯ್ತಿರ್ತೀನಿ.