ಪದಚರ್ಚೆ: ಮೀನಿನ ‘ಸ್ಟಾಕ್’ಗೆ ಏನನ್ನೋಣ? (ತುರ್ತು)

ಕೊಪ್ಪಳದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ನಾಳೆ ಸಂಜೆಯೊಳಗೆ ಬೇಕು. ಆಮೇಲೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ.

ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಮಕ್ಕಳು ಕಾಡ್ (cod) ಎಂಬ ತಣ್ಣನೆಯ ಕಡಲಿನ ಮೀನಿನ ಕಥೆ ಆರಿಸಿಕೊಂಡಿದ್ದಾರೆ. ಡ್ಯಾಮ್ ಪಕ್ಕದಲ್ಲೇ ಇದ್ದು ರೋಹು, ಕಾಟ್ಲಾ ಬಿಟ್ಟು ಇದ್ಯಾಕೆ ಎಂದು ಕೇಳಬೇಡಿ. ನಾನೂ ಕೇಳಿ ಸೋತಿದ್ದೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ 1968ರಲ್ಲಿ ಸುಮಾರು 8 ಲಕ್ಷ ಟನ್ ಕಾಡ್ ಹಿಡಿದರು. 1992ರ ಜುಲೈಯಲ್ಲಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಎರಡು ವರ್ಷಕ್ಕೆಂದು ಹಾಕಿದ ನಿಷೇಧ. ನಡುವೆ ಅಲ್ಪಸ್ವಲ್ಪ ಬಿಟ್ಟಿದ್ದುಂಟು, ಆದರೆ ಪೂರ್ತಿ ತೆಗೆದದ್ದು 2024ರಲ್ಲಿ.

ಒಬ್ಬ ಹುಡುಗ ಫೋನಿನಲ್ಲಿ ಅನುವಾದ ಮಾಡಿಸಿಕೊಂಡು ಬಂದ: “ಕಾಡ್ ದಾಸ್ತಾನಿನ ನೇಮಕಾತಿ ಕುಸಿದಿದ್ದರಿಂದ ಕೋಟಾ ಇಳಿಸಲಾಯಿತು.” ಅವನ ಅಜ್ಜ ಅದನ್ನು ಓದಿ, ಅರಣ್ಯ ಇಲಾಖೆಯ ಅರ್ಜಿಗೆ ಕೊನೆ ದಿನ ಯಾವುದು ಎಂದು ಕೇಳಿದರಂತೆ!

ಆ ‘ನೇಮಕಾತಿ’ ಎಂದರೆ ಮರಿಗಳು ಬದುಕಿ ಬೆಳೆದು, ಬಲೆಗೆ ಸಿಗುವ ಗಾತ್ರಕ್ಕೆ ಬಂದು ಸೇರುವುದು. ‘ಮರಿ ಸೇರ್ಪಡೆ’ ಎಂದು ತಿದ್ದಿದೆ. ಸ್ಟಾಕ್ ಎಂದರೆ ಕಡಲಿನ ಒಂದು ಭಾಗದಲ್ಲಿ ಬದುಕಿ ಮರಿ ಮಾಡುವ, ಒಂದೇ ಜಾತಿಯ ಅಷ್ಟೂ ಮೀನು. ಅದಕ್ಕೆ ಮಾತ್ರ ಪದ ಒಗ್ಗುತ್ತಿಲ್ಲ. ದಾಸ್ತಾನು ಎಂದರೆ ಗೋದಾಮಿನ ಜೋಳದ ಚೀಲ ಕಣ್ಣ ಮುಂದೆ ಬರುತ್ತದೆ. ಚೀಲ ಮರಿ ಹಾಕುವುದಿಲ್ಲ. ‘ಜಾತಿ’ ಎನ್ನಲೂ ಆಗದು. ನ್ಯೂಫೌಂಡ್‌ಲ್ಯಾಂಡಿನ ಕಾಡ್ ಇನ್ನೂ ಚೇತರಿಸಿಕೊಳ್ಳದೆ ಇದ್ದಾಗಲೇ, ನಾರ್ವೆ ಮತ್ತು ರಷ್ಯಾ ಸೇರಿ ನೋಡಿಕೊಳ್ಳುವ ಬ್ಯಾರೆಂಟ್ಸ್ ಕಡಲಲ್ಲಿ 2013ಕ್ಕೆ 10 ಲಕ್ಷ ಟನ್ ಕಾಡ್ ಹಿಡಿಯಲು ಒಪ್ಪಿಗೆ ಇತ್ತು. ಜಾತಿ ಒಂದೇ, ಸ್ಟಾಕ್ ಬೇರೆ ಬೇರೆ.

ಜೊತೆಗೆ ಇನ್ನೊಂದು. ಮೀನಿನ ತಲೆಯೊಳಗೆ ಸಣ್ಣ ಕಲ್ಲು ಇರುತ್ತದಲ್ಲ, ಅದರ ಗೆರೆ ಎಣಿಸಿ ವಯಸ್ಸು ಹೇಳುತ್ತಾರೆ. ಮಕ್ಕಳು ಅದಕ್ಕೆ ‘ಕಿವಿಕಲ್ಲು’ ಎಂದು ಬರೆದಿದ್ದಾರೆ. ಸರಿ ಅಲ್ವಾ?

ಬಳ್ಳಾರಿಯಿಂದ:

ಕಿವಿಕಲ್ಲು ಚೆನ್ನಾಗಿದೆ. ಮಕ್ಕಳಿಗೆ ಬರುವುದು ದೊಡ್ಡವರಿಗೆ ಯಾಕೆ ಬರುವುದಿಲ್ಲವೋ.

ದಾಸ್ತಾನು ಕನ್ನಡವೇ ಅಲ್ಲ, ಬಿಡಿ. ಸ್ಟಾಕ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಮರದ ಬೊಡ್ಡೆ. ಬೊಡ್ಡೆಯಿಂದ ವಂಶ, ಆಮೇಲೆ ಸರಕು. ನಾರ್ವೆಯವರು ಇದೇ ಕಾಡನ್ನು ಉಪ್ಪು ಹಾಕದೆ ಗಾಳಿಗೆ ಒಣಗಿಸಿ ‘ಸ್ಟಾಕ್‌ಫಿಶ್’ ಮಾಡುತ್ತಾರಲ್ಲ, ಅಲ್ಲಿಯೂ ಅದೇ ಕಟ್ಟಿಗೆ. ಕಾಡಿನ ಕೊಬ್ಬೆಲ್ಲ ಪಿತ್ತಜನಕಾಂಗದಲ್ಲಿ ಇರುತ್ತದೆ, ಮಾಂಸದಲ್ಲಿ ಕಡಿಮೆ. ಅದಕ್ಕೇ ಕಟ್ಟಿಗೆಯ ಹಾಗೆ ಒಣಗುತ್ತದೆ. ನಮ್ಮಲ್ಲೂ ದಾರಿ ಅದೇ: ಬುಡ, ಬುಡಕಟ್ಟು. ‘ಮೀನ್‌ಬುಡಕಟ್ಟು’ ಎಂದು ಬರೆಯಿರಿ. ಇದಕ್ಕಿಂತ ಒಳ್ಳೆಯದು ಸಿಗದು.

ಕೊಪ್ಪಳದಿಂದ:

ಸರ್, ವಾಕ್ಯದಲ್ಲಿ ಹಾಕಿ ನೋಡಿದೆ. “ಕಾಡ್ ಬುಡಕಟ್ಟಿನ ಕೋಟಾ ಇಳಿಸಲಾಯಿತು.” ಇದನ್ನು ಶಾಲೆಯ ಗೇಟಿಗೆ ಕಟ್ಟಿದರೆ ಮೇಳಕ್ಕೆ ಮುಂಚೆ ಧರಣಿ ಶುರುವಾಗುತ್ತದೆ.

ಬಳ್ಳಾರಿಯಿಂದ:

ತಪ್ಪು ಬುಡಕಟ್ಟಿನದಲ್ಲ, ‘ಕಾಡ್’ ಮತ್ತು ‘ಕೋಟಾ’ದ್ದು. ಅವೆರಡನ್ನೂ ತೆಗೆಯಿರಿ. ಮೀನೆಣ್ಣೆ ಮಾತ್ರೆ ಎಲ್ಲರಿಗೂ ಗೊತ್ತು. ‘ಮೀನೆಣ್ಣೆ ಮೀನು’ ಎನ್ನಿ.

ಸಿಂಧನೂರಿನಿಂದ:

ಸುಮ್ನೆ ‘ಹಿಂಡು’ ಎಂದು ಬರೆದು ಕಳಿಸಿ. ಇಷ್ಟಕ್ಕೆ ಇಷ್ಟು ಮೇಲ್ ಯಾಕೆ?

ಕೊಪ್ಪಳದಿಂದ:

ಹಿಂಡು ಬೇಡ ಸರ್. ಹಿಂಡನ್ನೇ ಸ್ಟಾಕ್ ಎಂದುಕೊಂಡು ಕೆಟ್ಟವರು ಆ ಕೆನಡಾದವರು. ಮೀನು ಕಡಿಮೆಯಾಗುತ್ತಾ ಬಂದರೂ ಉಳಿದದ್ದು ಒಂದೆಡೆ ಗುಂಪುಗೂಡುತ್ತಿತ್ತು. ದೊಡ್ಡ ಟ್ರಾಲರುಗಳು ಆ ಹಿಂಡನ್ನು ಹುಡುಕಿ ಬಲೆ ತುಂಬಿಕೊಳ್ಳುತ್ತಿದ್ದವು. ಬಲೆ ತುಂಬಿದ್ದನ್ನು ನೋಡಿ ಲೆಕ್ಕದವರು ಕಡಲಲ್ಲಿ ಜಾಸ್ತಿ ಮೀನು ಇದೆ ಎಂದು ಬರೆದುಕೊಂಡರು. ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು, ಮೀನು ಕಡಿಮೆ, ಸಿಕ್ಕಿದ್ದೂ ಚಿಕ್ಕದು ಎನ್ನುತ್ತಲೇ ಇದ್ದರು. ಹಿಂಡು ಎಂದರೆ ಬಲೆಗೆ ಸಿಕ್ಕಿದ್ದು. ನನಗೆ ಬೇಕಾದದ್ದು ಕಡಲಲ್ಲಿ ಉಳಿದದ್ದೂ ಸೇರಿ.

ರಾಯಚೂರಿನಿಂದ:

ಅಕ್ಕೋರೇ, ‘ಅಸಲು’ ಎನ್ನಿ. ಬಡ್ಡಿ ತಿನ್ನಬಹುದು, ಅಸಲು ಮುಟ್ಟಬಾರದು. ಇದು ಗೊತ್ತಿಲ್ಲದ ರೈತ ನಮ್ಮ ಜಿಲ್ಲೆಯಲ್ಲಿ ಇಲ್ಲ. ಕಾಡ್ ವಿಷಯದಲ್ಲಿ ಅಸಲು ಎಂದರೆ ತಾಯಿಮೀನು. ದೊಡ್ಡ ಹೆಣ್ಣು ಕಾಡ್ ಒಂದು ಹಂಗಾಮಿಗೆ ಹತ್ತಾರು ಲಕ್ಷ ಮೊಟ್ಟೆ ಬಿಡುತ್ತದೆ, ಚಿಕ್ಕದರ ಕೈಲಿ ಅಷ್ಟಾಗದು. ಹಿಡಿಯುವವರಿಗೆ ಬೇಕಾದದ್ದೂ ದೊಡ್ಡದೇ. ನಮ್ಮ ಡ್ಯಾಮು, ಕೆರೆಗಳಿಗಾದರೆ ಮರಿ ಬಿತ್ತನೆ ಮಾಡುತ್ತೇವೆ, ಅಸಲು ಕರಗಿದರೂ ಹೇಗೋ ನಡೆಯುತ್ತದೆ. ಆ ಕಡಲಿಗೆ ಬಿತ್ತುವವರು ಯಾರು?

ಬಳ್ಳಾರಿಯಿಂದ:

ಅಸಲು ಅರಬ್ಬಿ. ಮತ್ತೆ ಅದೇ ಕಥೆ.

ರಾಯಚೂರಿನಿಂದ:

ಹೌದು, ಅರಬ್ಬಿ. ಅಲ್ಲಿ ಅದರ ಅರ್ಥ ಬೇರು, ಬುಡ. ನೀವು ಇಂಗ್ಲಿಷಿನಲ್ಲಿ ಅಗೆದು ತೆಗೆದ ಬೊಡ್ಡೆಯೇ ಇದು, ನಮ್ಮ ಸಾಲದ ಚೀಟಿಯಲ್ಲಿ ತಲೆಮಾರುಗಳಿಂದ ಬಿದ್ದುಕೊಂಡಿದೆ. ನೀವು 1953ರವರೆಗೆ ಮದ್ರಾಸಿನಲ್ಲಿ ಇದ್ದಿರಿ, ನಾವು 1948ರವರೆಗೆ ನಿಜಾಮರಲ್ಲಿ. ಅದಕ್ಕೇ ನಿಮಗೆ ಅವರ ಬೊಡ್ಡೆ ಸಿಹಿ, ನಮ್ಮ ಬೇರು ಕಹಿ. ಮೊದಲು ವಕೀಲ, ಜಮೀನು, ತಹಸೀಲ್ದಾರ್ ಎಲ್ಲವನ್ನೂ ವಾಪಸ್ ಕಳಿಸಿ ಬನ್ನಿ. ಆಮೇಲೆ ಮೀನಿನ ಮಾತು.

ಬಳ್ಳಾರಿಯಿಂದ:

ಜಮೀನಿಗೆ ಹೊಲ ಇದೆ. ಉಳಿದದ್ದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ.

ಕೊಪ್ಪಳದಿಂದ:

ಇಬ್ಬರಿಗೂ ಧನ್ಯವಾದ. ಪ್ರಿಂಟಿಗೆ ಕೊಟ್ಟು ಬಂದೆ.

ಫ್ಲೆಕ್ಸ್ ಅಂಗಡಿಗೆ ಹೋಗುವ ದಾರಿಯಲ್ಲಿ ಮೀನು ಮಾರುವವರು ಕೂತಿದ್ದರು. ಬುಟ್ಟಿಯ ಮುಂದೆ ನಿಂತ ಹೆಂಗಸು ಕಿವಿರು ಎತ್ತಿ ನೋಡಿ ಕೇಳಿದ್ದು ಒಂದೇ ಮಾತು: “ಡ್ಯಾಮ್ ಮೀನಾ, ಕೆರೆ ಮೀನಾ?” ಎರಡೂ ರೋಹು. ಆಕೆಗೆ ಬೇಕಾದದ್ದು ಯಾವ ನೀರಿನದು ಎಂದು. ಅಲ್ಲೇ ನಿಂತು ವಾಕ್ಯ ತಿದ್ದಿದೆ: “ನ್ಯೂಫೌಂಡ್‌ಲ್ಯಾಂಡ್ ನೀರಿನ ಕಾಡ್ ಮೀನಿಗೆ ಮರಿ ಸೇರ್ಪಡೆ ಕಡಿಮೆಯಾದ್ದರಿಂದ, ಹಿಡಿಯುವ ಮಿತಿ ಇಳಿಸಿದರು.” ಸ್ಟಾಕ್ ಎಂಬ ಪದವೇ ಬೇಕಾಗಲಿಲ್ಲ. ಮೊಟ್ಟೆ ಇಡುವ ದೊಡ್ಡ ಮೀನುಗಳ ಚಿತ್ರದ ಕೆಳಗೆ ಮಾತ್ರ ‘ತಾಯಿಮೀನೇ ಅಸಲು’ ಎಂದು ಹಾಕಿಸಿದ್ದೇನೆ. ರಾಯಚೂರಿನವರು ಖುಷಿಪಡಬಹುದು. ಕಿವಿಕಲ್ಲು ಹಾಗೇ ಉಳಿಸಿದ್ದೇನೆ.

ಬಳ್ಳಾರಿಯಿಂದ:

‘ಡ್ಯಾಮ್’ ಅಲ್ಲ, ಅಣೆಕಟ್ಟು.